ಬತ್ತಿ ಹೊಸೆದರೆ ಬರುವ ಹಾಡು

ನಮ್ಮ ಮನೆಯಲ್ಲಿ ಯಾರೂ ಒಂದು ಮಾತನ್ನು ನೆಟ್ಟಗೆ ಮುಗಿಸಿದ್ದು ನನಗೆ ನೆನಪಿಲ್ಲ. ಅಪ್ಪ ಬಿಡುತ್ತಿರಲಿಲ್ಲ. ಅವರು ಸರ್ಕಾರಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಬೆಳಗಿನಿಂದ ಸಂಜೆಯವರೆಗೆ ಕಂಡವರ ತಪ್ಪು ಹುಡುಕಿ ಸಂಬಳ ತರುವ ಮನುಷ್ಯ ಮನೆಗೆ ಬಂದ ಮೇಲೆ ಸುಮ್ಮನಿರುತ್ತಾನೆಯೇ? ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು, ಅದು ಸೋರಿ ಎದೆಯ ಮೇಲೆ ಸದಾ ಒಂದು ಕಲೆ. ಮದುವೆಯ ಕರೆಯೋಲೆ ಬಂದರೆ ಯಾರ ಮದುವೆ ಎಂದು ನೋಡುವ ಮೊದಲು ಅದನ್ನು ತಿದ್ದುತ್ತಿದ್ದರು. ನಾನು ಸೋದರಮಾವನಿಗೆ ಬರೆದ ಕಾಗದ ಕೆಂಪು ಗೀಟುಗಳ ಸಮೇತ ಅಂಚೆಗೆ ಹೋಗುತ್ತಿತ್ತು. ಊಟಕ್ಕೆ ಕೂತಾಗ ಸ್ಕೂಲಿನಲ್ಲಿ ನಡೆದದ್ದನ್ನು ಹೇಳಲು ಹೊರಟರೆ ಅರ್ಧದಲ್ಲೇ ತಡೆದು, ‘ಮೊದಲು ಯಾರು, ಏನು ಅಂತ ಹೇಳು. ಆಮೇಲೆ ನಗು’ ಅನ್ನುತ್ತಿದ್ದರು. ಅಷ್ಟರಲ್ಲಿ ನಗು ಹೋಗಿ ಅಳು ಬಂದಿರುತ್ತಿತ್ತು. ಈಗಲೂ ಯಾರಾದರೂ ನನ್ನ ಮಾತಿನ ಮಧ್ಯೆ ಬಾಯಿ ಹಾಕಿದರೆ ಮೈ ಉರಿದುಹೋಗುತ್ತದೆ. ಆಫೀಸಿನಲ್ಲಿ ನನ್ನನ್ನು ಸಿಡುಕಿ ಅನ್ನುತ್ತಾರಂತೆ. ಅನ್ನಲಿ.

ಮನೆ ಇದ್ದದ್ದು ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ. ಕೆಂಪು ನೆಲದ ಹಾಲು, ಎರಡು ಕೋಣೆ, ಕಡಪಾ ಕಲ್ಲಿನ ಕಟ್ಟೆಯ ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ತುಳಸಿಗಿಡ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಮನೆಯಲ್ಲಿ ಯುದ್ಧ. ಸಂಪು ತುಂಬಬೇಕು, ಡ್ರಮ್ಮು ತುಂಬಬೇಕು, ಬಿಂದಿಗೆ ತುಂಬಬೇಕು, ಅಷ್ಟರಲ್ಲಿ ನಲ್ಲಿ ಸೊಯ್ ಎಂದು ಗಾಳಿ ಬಿಡುತ್ತಿತ್ತು. ಇಂಥ ಮನೆಯಲ್ಲಿ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಒಂದು ಚಾಳಿ. ಯಾರು ಎಲ್ಲಿ ಮಲಗಿದರೂ ಅವರ ತಲೆಯ ಪಕ್ಕ ಒಂದು ಚೊಂಬು ನೀರು ಇಡಬೇಕು. ಅಪ್ಪನಿಗೊಂದು, ಅಮ್ಮನಿಗೊಂದು, ನನಗೊಂದು, ತನಗೊಂದು. ಮಧ್ಯಾಹ್ನ ಅಪ್ಪ ಈಜಿಚೇರಿನಲ್ಲಿ ಹತ್ತು ನಿಮಿಷ ತೂಕಡಿಸಿದರೂ ಪಕ್ಕದಲ್ಲಿ ಚೊಂಬು ಬಂದು ಕೂರುತ್ತಿತ್ತು. ನಾವು ಎಡವಿ ಬೀಳುತ್ತಿದ್ದೆವು. ಬೆಳಗ್ಗೆ ಆ ನೀರೆಲ್ಲ ತುಳಸಿಗೆ. ಅಮ್ಮನಿಗೆ ಇದು ನುಂಗಲಾರದ ತುತ್ತು.

‘ಅತ್ತೆ, ದಿನಾ ನಾಕು ಚೊಂಬು ನೀರು ತುಳಸಿಗೆ ಸುರೀತೀರ. ಆ ಗಿಡ ಕೊಳೆತುಹೋಗತ್ತೆ. ಇಲ್ಲಿ ಪಾತ್ರೆ ತೊಳೆಯೋಕೆ ನೀರಿಲ್ಲ ಅಂತ ನಾನು ಒದ್ದಾಡ್ತಿದ್ದೀನಿ.’

‘ಇರ್ಲಿ ಬಿಡಮ್ಮ. ಯಾರಿಗಾರ ಬಾಯಾರಿದ್ರೆ?’

‘ಬಾಯಾರಿದ್ರೆ ಎದ್ದು ಕುಡೀತಾರೆ. ಕೈಕಾಲಿಲ್ವಾ?’

ಮಾರನೆಯ ದಿನ ಮತ್ತೆ ನಾಲ್ಕು ಚೊಂಬು. ಮಿಕ್ಕ ಎಲ್ಲದರಲ್ಲೂ ಸೊಸೆಗೆ ಸೋಲುತ್ತಿದ್ದ ಅಜ್ಜಿ ಇದೊಂದರಲ್ಲಿ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

ಅಜ್ಜಿಯ ತವರು ಬೇಗೂರು. ಓದು ಬರಹ ಬಾರದು. ಹೆಬ್ಬೆಟ್ಟು ಒತ್ತುವಾಗ ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಅವಳ ಕೆಲಸ ಒಂದೇ, ಬತ್ತಿ ಹೊಸೆಯುವುದು. ಹಿತ್ತಿಲ ಬಾಗಿಲ ಹತ್ತಿರ ಬಿಸಿಲು ಬೀಳುವ ಕಡೆ ಚಾಪೆ ಹಾಸಿ, ಕಾಲು ಚಾಚಿ ಕೂತು, ಹತ್ತಿಯಿಂದ ಬೀಜ ಬಿಡಿಸಿ, ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು ಎಳೆದು ಹೊಸೆಯುತ್ತಿದ್ದಳು. ನಮ್ಮ ಮನೆಗೆ, ಎದುರು ಮನೆಗೆ, ದೇವಸ್ಥಾನಕ್ಕೆ, ಕಾರ್ತಿಕ ಬಂತೆಂದರೆ ಇಡೀ ಬೀದಿಗೆ. ಹೊಸೆಯುವಾಗ ಏನೋ ಗುನುಗುತ್ತಿದ್ದಳು. ದೇವರ ಹಾಡಿರಬೇಕು ಅಂದುಕೊಂಡಿದ್ದೆವು. ಕಿವಿಗೊಟ್ಟು ಕೇಳಿದವರು ಯಾರು? ನಾನಂತೂ ಕೇಳಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಎಲ್ಲೋ ದೂರದ ಊರಿನಲ್ಲಿ ಪ್ಲೇಗು ಬಂದಿದೆ ಎಂದು ಪೇಪರಿನಲ್ಲಿ ಬಂತು. ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಮಾತ್ರೆ ಖಾಲಿ. ಅಮ್ಮ ನನ್ನ ಕರ್ಚೀಫಿನ ತುದಿಗೆ ಕರ್ಪೂರ ಕಟ್ಟಿ, ಅದನ್ನು ಮೂಸುತ್ತಾ ಸ್ಕೂಲಿಗೆ ಹೋಗು ಅಂದಳು. ಅಪ್ಪ ಪೇಪರನ್ನು ಗಟ್ಟಿಯಾಗಿ ಓದಿ, ಓದುತ್ತಲೇ ಅದರ ತಪ್ಪುಗಳಿಗೆ ಕೆಂಪು ಗೀಟು ಹಾಕುತ್ತಿದ್ದರು. ಹಿತ್ತಿಲ ಬಾಗಿಲಿಂದ ಅಜ್ಜಿ ಕೇಳಿದಳು.

‘ಏನೋ ಅದು ಶೀನ, ಬೊಂಬಾಯಿ ಜ್ವರವಾ?’

‘ಪ್ಲೇಗಮ್ಮ, ಪ್ಲೇಗು. ಬೊಂಬಾಯಿ ಜ್ವರ ಅಂತ ಯಾವುದೂ ಇಲ್ಲ.’

‘ನಿಂಗೇನು ಗೊತ್ತು? ನಮ್ಮನೆ ನುಂಗಿದ್ದು ಅದೇಯ.’

ಅಪ್ಪ ಪೇಪರಿನಲ್ಲಿ ಮುಳುಗಿದರು. ನಾನು ಹೋಗಿ ಚಾಪೆಯ ತುದಿಯಲ್ಲಿ ಕೂತೆ. ಅಂದೇ ಮೊದಲ ಸಲ ಆ ಗುನುಗನ್ನು ನಾನು ಬಿಡಿಸಿ ಕೇಳಿದ್ದು.

ಬೊಂಬಾಯಿ ಜ್ವರ ಬಂತು, ಬಂಡಿ ಹತ್ತಿ ಬರಲಿಲ್ಲ
ನೆಂಟರ ಹಂಗೆ ನಡೆದು ಬಂತು, ನಮ್ಮೂರ
ಏರಿಯ ಮ್ಯಾಲೆ ಎಲೆ ಕೇಳ್ತು

ಊಟದ ಎಲೆ ಕೇಳುವ ಜ್ವರ! ನನಗೆ ಮೈ ಜುಂ ಅಂದಿತು. ಯಾರು ಕಟ್ಟಿದ ಹಾಡು ಅಂದೆ. ಇನ್ಯಾರು, ನಾನೇ ಅಂದಳು. ಮೊದಲ ಮಹಾಯುದ್ಧ ಮುಗಿಯುವ ಕಾಲಕ್ಕೆ ಲೋಕವನ್ನೆಲ್ಲ ಸುತ್ತಿದ ಆ ಜ್ವರ ಬೇಗೂರಿಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಅವಳ ಅವ್ವ ಹೋದಳು, ತಂಗಿ ನಂಜಿ ಹೋದಳು, ಬೀದಿಯಲ್ಲಿ ಅರ್ಧ ಮನೆಗಳಿಗೆ ಅಗುಳಿ ಬಿತ್ತು. ದೇವರ ದೀಪಕ್ಕೆ ಬತ್ತಿ ಹೊಸೆಯುವುದು ಅವ್ವನ ಕೆಲಸ. ಅವ್ವ ಹೋದ ಮೇಲೆ ಅದು ಇವಳ ಕೈಗೆ ಬಂತು.

‘ಒಬ್ಬಳೇ ಕೂತ್ಕಂಡು ಇನ್ನೇನು ಮಾಡ್ಲಿ ಕೂಸೇ? ಬರೆಯೋಕೆ ಬರಾಕಿಲ್ಲ. ಮರೆತುಹೋದ್ರೆ ಅವರು ಇದ್ದಿದ್ದೇ ಸುಳ್ಳಾಗ್ತದೆ. ಅದಕ್ಕೆ ಒಂದು ಬತ್ತಿಗೆ ಒಂದು ನುಡಿ ಹಾಕ್ದೆ.’

ಹದಿನೆಂಟು ಬತ್ತಿ, ಹದಿನೆಂಟು ನುಡಿ. ಹಾಡು ಮುಗಿದರೆ ಮತ್ತೆ ಮೊದಲಿನಿಂದ. ಮುಕ್ಕಾಲು ಶತಮಾನ ಹೀಗೆ ಹೊಸೆದಿದ್ದಾಳೆ. ಅದನ್ನೆಲ್ಲ ಬರೆದಿಡಬೇಕೆಂದು ನನಗೆ ಹುಚ್ಚು ಹಿಡಿಯಿತು. ಸಮಾಜ ಪರಿಚಯದ ನೋಟ್‌ಬುಕ್ಕನ್ನು ಹಿಂದುಮುಂದು ಮಾಡಿ ಕೊನೆಯ ಪುಟದಿಂದ ಶುರುಮಾಡಿದೆ. ಸುಲಭವೇನಲ್ಲ. ಅಜ್ಜಿಯ ಕೈಯಲ್ಲಿ ಹತ್ತಿ ಇಲ್ಲದಿದ್ದರೆ ಹಾಡು ಬರುತ್ತಿರಲಿಲ್ಲ. ‘ಸುಮ್ನೆ ಹೇಳಜ್ಜಿ, ಬರ್ಕೋತೀನಿ’ ಅಂದರೆ ಬಾಯಿ ತೆರೆದು ಪಿಳಿಪಿಳಿ ನೋಡುತ್ತಿದ್ದಳು. ಬೆರಳಿನ ಮಧ್ಯೆ ಎಳೆ ತಿರುಗಲು ಶುರುವಾದರೆ ಮಾತು ತಾನಾಗಿ ಬರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಅವಳ ಕೈ ಓಡುವಷ್ಟು ನನ್ನ ಪೆನ್ಸಿಲ್ ಓಡುತ್ತಿರಲಿಲ್ಲ. ಅದರ ಮೇಲೆ ನಮ್ಮ ಮನೆ! ಎರಡು ಸಾಲು ಬರೆಯುವಷ್ಟರಲ್ಲಿ ‘ನೀರು ಬಂತು, ಬಿಂದಿಗೆ ತಾರೇ’ ಎಂದು ಅಮ್ಮ ಕೂಗುತ್ತಿದ್ದಳು. ವಾಪಸು ಬಂದರೆ ಅಜ್ಜಿ ಮೂರು ಬತ್ತಿ ಮುಂದೆ ಹೋಗಿರುತ್ತಿದ್ದಳು, ಮತ್ತೆ ಆ ನುಡಿ ಬರುವವರೆಗೆ ಇಡೀ ಸುತ್ತು ಕಾಯಬೇಕು. ಸೊಪ್ಪಿನವಳು, ಕುಕ್ಕರಿನ ಸೀಟಿ, ‘ಹೋಂವರ್ಕ್ ಆಯ್ತಾ’. ಎಷ್ಟು ಸಲ ಪೆನ್ಸಿಲ್ ಬಿಸಾಕಿದ್ದೇನೋ ಲೆಕ್ಕವಿಲ್ಲ. ಆದರೂ ಬಿಡಲಿಲ್ಲ.

ಮೂಲೆಮನೆ ಸಿದ್ದಪ್ಪ ಮುಂಜಾನೆ ಮಲಗ್ಯಾನೆ
ಅವನ ಹೊತ್ತೋರು ಇಬ್ಬರೇ, ಸಂಜೀಕೆ
ಹೊತ್ತೋರ ಹೊರೋಕೆ ಜನ ಇಲ್ಲ

ಒಲೆಯಾಗೆ ಬೆಕ್ಕೊಂದು ಮರಿ ಹಾಕಿ ಮಲಗೈತೆ
ಬೂದಿ ತಣ್ಣಗೆ ನಾಕು ದಿನ, ನಮ್ಮವ್ವ
ಎದ್ದಾಳು ಅಂತ ಕಾದೀವಿ

ಇಂಥ ಹದಿನೇಳು ನುಡಿ ಸಿಕ್ಕವು. ಹನ್ನೆರಡನೆಯದು ಮಾತ್ರ ಸಿಗಲಿಲ್ಲ. ಹನ್ನೊಂದಾದ ಮೇಲೆ ಅಜ್ಜಿ ಒಂದು ಬತ್ತಿಯನ್ನು ಮಾತಿಲ್ಲದೆ, ತುಟಿ ಬಿಗಿಹಿಡಿದು ಹೊಸೆಯುತ್ತಿದ್ದಳು. ಆಮೇಲೆ ಹದಿಮೂರನೆಯದು. ಅದರಲ್ಲಿ ನಂಜಿಯ ಚಾಪೆಯನ್ನು ಸುಟ್ಟಿದ್ದು ಬರುತ್ತದೆ. ಹಾಗಾದರೆ ಮಧ್ಯದ್ದು ನಂಜಿ ಸತ್ತ ನುಡಿ ಎಂದು ಐದನೇ ಕ್ಲಾಸಿನ ನನಗೂ ಗೊತ್ತಾಗುತ್ತಿತ್ತು. ‘ಅದೇನಜ್ಜಿ?’ ಅಂದರೆ ‘ಅದು ಆಮೇಲೆ’ ಅನ್ನುತ್ತಿದ್ದಳು. ಹಾಗೆ ಕೇಳಿದ ದಿನ ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದಳು, ಅಮ್ಮ ಸಾರು ಕೆಟ್ಟಿದೆಯೇನೋ ಎಂದು ರುಚಿ ನೋಡುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಹನ್ನೆರಡು ಎಂದು ಬರೆದು ಕೆಳಗೆ ಮೂರು ಸಾಲು ಖಾಲಿ ಬಿಟ್ಟೆ. ಇವತ್ತಲ್ಲ ನಾಳೆ ತುಂಬುತ್ತೇನೆ ಎಂಬ ಹಟ. ಮಿಕ್ಕ ಮಕ್ಕಳು ಸ್ಟಾಂಪು ಕೂಡಿಸುತ್ತಿದ್ದರು, ನನಗೆ ಆ ಮೂರು ಸಾಲು ಬೇಕಾಗಿತ್ತು, ಅಷ್ಟೇ.

ಆ ಪುಸ್ತಕ ಅಪ್ಪನ ಕಣ್ಣಿಗೆ ಬಿತ್ತು. ತಪ್ಪು ನನ್ನದೇ, ಹಾಲಿನ ಟೇಬಲ್ಲಿನ ಮೇಲೆ ಬಿಟ್ಟು ಸ್ಕೂಲಿಗೆ ಹೋಗಿದ್ದೆ. ನಮ್ಮ ಬಡಾವಣೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಪ್ರತಿವರ್ಷ ಸ್ಮರಣ ಸಂಚಿಕೆ ತರುತ್ತಿದ್ದರು. ಅದರ ಕರಡು ತಿದ್ದುವುದು ಅಪ್ಪನ ಉಚಿತ ಸೇವೆ. ಅದರಲ್ಲಿ ತಮ್ಮದೂ ಒಂದು ಬರಹ ಇರಲಿ ಎಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು, ಬರೆಯಲು ಏನೂ ಇರಲಿಲ್ಲ. ಸಂಜೆ ನಾನು ಬಂದಾಗ ಅಪ್ಪನ ಮುಖ ಅರಳಿತ್ತು.

‘ಭೇಷ್ ಕಣೇ ಸುಮಾ! ಎಂಥ ಸಾಮಗ್ರಿ ಇದು! ಸ್ವಲ್ಪ ತಿದ್ದಿದ್ದೀನಿ, ಅಷ್ಟೆ.’

ಸ್ವಲ್ಪವೇ! ಪುಟಪುಟವೂ ಕೆಂಪು. ಅವರು ತಿದ್ದುವ ರೀತಿಯೇ ಹಾಗೆ. ಬೇಡದ ಸಾಲನ್ನು ಒಂದು ಗೀಟಿನಲ್ಲಿ ಹೊಡೆಯುವುದಿಲ್ಲ, ಮತ್ತೆ ಯಾರೂ ಓದಬಾರದು ಎಂಬಂತೆ ಗೀಚಿ ಗೀಚಿ ಮುಚ್ಚಿಬಿಡುತ್ತಾರೆ. ಬೆಕ್ಕು ಹೋಗಿತ್ತು. ಸಿದ್ದಪ್ಪ ಹೋಗಿದ್ದ. ಅವುಗಳ ತಲೆಯ ಮೇಲೆ ಅಪ್ಪನ ಮುದ್ದಾದ ಅಕ್ಷರ ಕೂತಿತ್ತು.

ಕರುಣೆಯಿಲ್ಲದ ಕಾಲ ಕದವ ತಟ್ಟಿದನಂದು
ಮರಣದೇವಿಯ ನೃತ್ಯ ಮನೆಮನೆಯೊಳು

ಇಷ್ಟಾದರೂ ಸಹಿಸಬಹುದಿತ್ತೇನೋ. ಹನ್ನೆರಡರ ಕೆಳಗೆ ನಾನು ಬಿಟ್ಟಿದ್ದ ಖಾಲಿ ಜಾಗವನ್ನೂ ಬಿಟ್ಟಿರಲಿಲ್ಲ. ಅಲ್ಲಿ ಜಗದಂಬೆ ಬಂದು ಮಕ್ಕಳ ಕಣ್ಣೀರು ಒರೆಸುವ ನಾಲ್ಕು ಸಾಲನ್ನು ತಾವೇ ಬರೆದು ತುಂಬಿದ್ದರು. ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. ಅಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

‘ಯಾಕೆ ಅಳ್ತೀಯ? ನಿನ್ನ ಹೆಸರೂ ಹಾಕಿಸ್ತೀನಿ, ಸಂಗ್ರಹ ಅಂತ. ಒಲೇಲಿ ಬೆಕ್ಕು ಮರಿ ಹಾಕ್ತು ಅಂತೆಲ್ಲ ಸಂಚಿಕೇಲಿ ಹಾಕೋಕಾಗತ್ತಾ? ನೋಡಿದವರು ಏನಂತಾರೆ?’

‘ಅಜ್ಜಿ ಹಾಗೇ ಹೇಳಿದ್ದು! ಹಾಗೇ ಆಗಿದ್ದು!’

‘ಆಗಿದ್ದನ್ನೆಲ್ಲ ಹಾಗೇ ಬರೆದರೆ ಅದು ಕಾವ್ಯ ಆಗಲ್ಲಮ್ಮ.’

ಸಂಚಿಕೆ ಅಚ್ಚಾಯಿತು. ಅಪ್ಪ ಅದನ್ನು ಹಾಲಿನ ಮಧ್ಯೆ ನಿಂತು, ಕನ್ನಡಕ ಸರಿಮಾಡಿಕೊಂಡು, ಅಜ್ಜಿಗೆ ಓದಿ ಹೇಳಿದರು. ಅಜ್ಜಿ ಕೈಮುಗಿದುಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಪಾಪ. ಯಾರ ಮನೇದಪ್ಪ ಇದು? ಅವರ ಮನೇಲೂ ಜ್ವರ ಬಂದಿತ್ತಾ?’

ಅಪ್ಪ ಸಂಚಿಕೆ ಮಡಿಸಿ ಬೀರುವಿನಲ್ಲಿಟ್ಟರು. ಅಮ್ಮ ಅಡುಗೆಮನೆಗೆ ಹೋದಳು, ಅವಳ ಭುಜ ಕುಲುಕುತ್ತಿದ್ದದ್ದು ನಗುವಿನಿಂದ ಎಂದು ನನಗೆ ಗೊತ್ತಿತ್ತು. ನನಗೆ ನಗು ಬರಲಿಲ್ಲ. ಅಂದಿನಿಂದ ಅಪ್ಪನ ಹತ್ತಿರ ಬೇಕಾದಷ್ಟೇ ಮಾತು.

ಇನ್ನೊಂದು ಪುಸ್ತಕ ಮಾಡುತ್ತೇನೆ, ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತೇನೆ, ಎಲ್ಲ ಹದಿನೆಂಟನ್ನೂ ಮತ್ತೆ ಬರೆಯುತ್ತೇನೆ ಎಂದು ಶಪಥ ಮಾಡಿದೆ. ಅಷ್ಟರಲ್ಲಿ ಚಳಿ ಹೆಚ್ಚಾಗಿ ಅಜ್ಜಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಎದೆ ನೋಡಿ, ಹತ್ತಿಯ ಧೂಳು ಕೂಡದು ಅಂದರು. ಅಮ್ಮ ಅವತ್ತೇ ಹತ್ತಿಯ ಮೂಟೆಯನ್ನು ಎದುರು ಮನೆಗೆ ಕೊಟ್ಟು, ಜಯನಗರ ಕಾಂಪ್ಲೆಕ್ಸಿನಿಂದ ಒಂದು ರಾಶಿ ರೆಡಿಮೇಡ್ ಬತ್ತಿ ತಂದಳು. ಪ್ಲಾಸ್ಟಿಕ್ ಪ್ಯಾಕೆಟ್ಟಿನೊಳಗೆ ಬಿಳಿಯಾಗಿ, ಒಂದೇ ಅಳತೆಯಲ್ಲಿ, ಒತ್ತಾಗಿ ನಿಂತಿದ್ದವು. ಅಮ್ಮನಿಗೆ ಹೆಮ್ಮೆ. ‘ನೋಡಿ ಅತ್ತೆ, ಇನ್ನು ಕಾಲು ಚಾಚಿ ಆರಾಮಾಗಿ ಕೂತ್ಕೊಳ್ಳಿ’ ಅಂದಳು. ಅಮ್ಮ ಕೆಟ್ಟವಳಲ್ಲ. ಅವಳಿಗೆ ಕೆಮ್ಮು ಕೇಳುತ್ತಿತ್ತು, ಹಾಡು ಕೇಳುತ್ತಿರಲಿಲ್ಲ, ಅಷ್ಟೇ. ನಾನು ಒಂದು ಪ್ಯಾಕೆಟ್ ಒಡೆದು ಅಜ್ಜಿಯ ಕೈಗೆ ಕೊಟ್ಟು, ಇದನ್ನೇ ಇಟ್ಟುಕೊಂಡು ಹೇಳು ಎಂದು ಪೀಡಿಸಿದೆ. ಅಜ್ಜಿ ಒಂದನ್ನು ಬೆರಳಿನ ಮಧ್ಯೆ ಇಟ್ಟು ತಿರುಗಿಸಿ ನೋಡಿದಳು.

‘ಇದು ಆಗ್ಲೇ ಮುಗಿದೋಗದೆ ಕೂಸೇ. ಇದರೊಳಗೆ ಏನು ಸೇರಿಸ್ಲಿ?’

ಮೊದಲ ನುಡಿ ಅರ್ಧ ಬಂತು. ಆಮೇಲೆ ಸಿದ್ದಪ್ಪ ಬಂದ, ಅವನ ಹಿಂದೆ ಯಾರು ಎಂದು ಗೊತ್ತಾಗಲಿಲ್ಲ. ಅಜ್ಜಿ ಗಾಬರಿಯಾದಳು. ಕೈ ಕೆಳಗಿಟ್ಟು, ಹೋಯ್ತು, ಎಲ್ಲ ಹೋಯ್ತು ಎಂದಳು. ನನಗೆ ತಲೆ ಕೆಟ್ಟುಹೋಯಿತು. ಪ್ಯಾಕೆಟ್ಟುಗಳನ್ನೆಲ್ಲ ಎತ್ತಿ ಅಡುಗೆಮನೆಯಲ್ಲಿದ್ದ ಅಮ್ಮನ ಬೆನ್ನಿಗೆ ಎಸೆದೆ. ಅಮ್ಮ ತಿರುಗಿ ಕೆನ್ನೆಗೊಂದು ಬಿಟ್ಟಳು. ಅವಳ ಕೈಯಲ್ಲಿದ್ದ ಉಪ್ಪಿಟ್ಟಿನ ರವೆ ನನ್ನ ಮುಖಕ್ಕೆ ಅಂಟಿತು. ‘ಅಜ್ಜಿ ಸಾಯಬೇಕಾ ನಿನಗೆ? ಹಾಡು ಬೇಕಾ, ಅಜ್ಜಿ ಬೇಕಾ, ಹೇಳು!’ ಅಂದಳು. ನನಗೆ ಎರಡೂ ಬೇಕಾಗಿತ್ತು. ಅದನ್ನು ಹೇಳುವ ಧೈರ್ಯ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನನಗೆ ಸಿಡುಬಿನ ತಂಗಿ ಬಂದಳು, ಚಿಕನ್ ಪಾಕ್ಸು. ಮೈಯೆಲ್ಲ ಗುಳ್ಳೆ, ಕೆಂಡದಂಥ ಜ್ವರ. ನಡುಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದರು. ತಣ್ಣೀರು ಮುಟ್ಟಕೂಡದು, ಕೇಳಿದಾಗ ಎರಡು ಚಮಚ ಬಿಸಿನೀರು ಸಾಕು ಎಂದು ಅಮ್ಮನ ಕಟ್ಟಪ್ಪಣೆ. ಅದು ಡಾಕ್ಟರು ಹೇಳಿದ್ದಲ್ಲ, ಅಮ್ಮನ ತವರಿನಿಂದ ಬಂದದ್ದು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮೈಗೆ ಹಚ್ಚುವ ಗುಲಾಬಿ ಬಣ್ಣದ ಔಷಧಿ, ಅದನ್ನು ಹಚ್ಚಲು ನೀಲಿ ಕಾಗದ ಸುತ್ತಿದ ಹತ್ತಿಯ ಉಂಡೆ. ಮಧ್ಯಾಹ್ನ ಅಮ್ಮ ಸೊಸೈಟಿಗೆ ಸಕ್ಕರೆ ತರಲು ಹೋದಾಗ ಅಜ್ಜಿ ಬಂದಳು. ಒಂದು ಕೈಯಲ್ಲಿ ಚೊಂಬು. ನನ್ನ ತಲೆ ಎತ್ತಿ ಹಿಡಿದು, ಕುಡಿ ಕೂಸೇ, ಎಷ್ಟು ಬೇಕೋ ಅಷ್ಟು ಕುಡಿ ಅಂದಳು. ಗಟಗಟ ಕುಡಿದೆ. ಗಂಟಲಿನಿಂದ ಹೊಟ್ಟೆಯವರೆಗೆ ತಣ್ಣಗೆ ಇಳಿದದ್ದು ಈಗಲೂ ನೆನಪಿದೆ. ಜೀವಮಾನದಲ್ಲಿ ಅಂಥ ನೀರು ಕುಡಿದಿಲ್ಲ.

ಅಜ್ಜಿ ನೆಲದ ಮೇಲೆ ಕೂತಳು. ಕೈ ಸುಮ್ಮನಿರಲಿಲ್ಲ. ನೀಲಿ ಕಾಗದದಿಂದ ಹತ್ತಿ ಎಳೆದು ಹೊಸೆಯತೊಡಗಿದಳು. ಒಂದು, ಎರಡು, ಮೂರು. ಬೊಂಬಾಯಿ ಜ್ವರ ನಡೆದು ಬಂತು, ಸಿದ್ದಪ್ಪ ಮಲಗಿದ, ಬೆಕ್ಕು ಮರಿ ಹಾಕಿತು. ಎಲ್ಲ ಇತ್ತು, ಒಂದೂ ಹೋಗಿರಲಿಲ್ಲ! ನನಗೆ ಎದ್ದು ಪುಸ್ತಕ ತರಬೇಕು ಅನ್ನಿಸಿತು, ಕೈ ಏಳಲಿಲ್ಲ. ಹನ್ನೊಂದಾಯಿತು. ಹನ್ನೆರಡನೆಯ ಬತ್ತಿಗೆ ಎಳೆ ಹಿಡಿದು ಅಜ್ಜಿ ತಡೆದಳು. ಈ ಸಲ ತುಟಿ ಬಿಗಿಹಿಡಿಯಲಿಲ್ಲ.

ನೀರು ನೀರೆಂದಾಳೋ ನನ ತಂಗಿ ನಂಜವ್ವ
ಚೊಂಬ ಬೆನ್ನಿಂದೆ ಮುಚ್ಚಿಟ್ಟೆ

ಮೂರನೆಯ ಸಾಲು ಇತ್ತು. ಅಜ್ಜಿ ಅದನ್ನು ಹೇಳಿದಳು. ಅವಳ ದನಿ ಕೇಳಿದ ನೆನಪಿದೆ, ಮಾತು ನೆನಪಿಲ್ಲ. ನಾನು ಹೊಟ್ಟೆ ತುಂಬ ನೀರು ಕುಡಿದು, ಮೂರು ದಿನದಿಂದ ಬಾರದಿದ್ದ ನಿದ್ದೆ ಬಂದು, ಸರಿಯಾಗಿ ಆ ಸಾಲಿನ ಮೇಲೆ ಕಣ್ಣು ಮುಚ್ಚಿದೆ. ದರಿದ್ರ ನಿದ್ದೆ! ಎದ್ದಾಗ ಸ್ಟೂಲಿನ ಮೇಲೆ ಹದಿನೆಂಟು ಬತ್ತಿ ಸಾಲಾಗಿ ಇದ್ದವು. ಹತ್ತಿ ಖಾಲಿ ಮಾಡಿದ್ದಕ್ಕೆ ಅಮ್ಮ ಗೊಣಗುತ್ತಿದ್ದಳು. ಜ್ವರ ಇಳಿದ ಮೇಲೆ ಅಜ್ಜಿಯ ಹಿಂದೆ ಬಿದ್ದೆ. ಕಾಲು ಒತ್ತಿದೆ, ಕದ್ದು ಹತ್ತಿ ತಂದುಕೊಟ್ಟೆ, ಅತ್ತೂ ನೋಡಿದೆ.

‘ನಿಂಗೆ ಹೇಳಾಯ್ತಲ್ಲ ಕೂಸೇ’ ಅಂದಳು. ‘ಇನ್ನೊಂದ್ಸಲ ಹೇಳೋಕೆ ನಂಗಾಗಾಕಿಲ್ಲ.’

ಆ ಬೇಸಿಗೆಯಲ್ಲಿ ಅಜ್ಜಿ ಹೋದಳು. ನಂಜಿಗೆ ನೀರು ಯಾಕೆ ಕೊಡಲಿಲ್ಲ ಎಂಬುದು ಆಮೇಲೆ ಬೇಗೂರಿನ ನೆಂಟರೊಬ್ಬರಿಂದ ತಿಳಿಯಿತು. ಜ್ವರ ಬಂದವರಿಗೆ ನೀರು ಕೊಟ್ಟರೆ ಸನ್ನಿ ಹಿಡಿದು ಸಾಯುತ್ತಾರೆ ಎಂದು ಆಗ ಊರೆಲ್ಲ ನಂಬಿತ್ತಂತೆ. ಹೆಣ ಹೊರಲು ಹೋಗುವಾಗ ಅವಳ ಅಪ್ಪ, ತಂಗಿ ಎಷ್ಟು ಕೇಳಿದರೂ ನೀರು ಕೊಡಬೇಡ ಎಂದು ಈ ಒಂಬತ್ತು ವರ್ಷದವಳನ್ನು ಕಾವಲು ಕೂರಿಸಿದ್ದನಂತೆ. ಅಲ್ಲಿಗೆ ಮೂರನೆಯ ಸಾಲು ನನಗೆ ಇನ್ನೂ ಮುಖ್ಯವಾಯಿತು. ಕೊನೆಗೆ ಕೊಟ್ಟಳೋ ಇಲ್ಲವೋ? ಅಷ್ಟು ತಿಳಿದರೆ ಸಾಕಾಗಿತ್ತು. ಕಾಲೇಜು ಮುಗಿಸಿ, ಬಿಟಿಎಂ ಲೇಔಟಿನ ಒಂದು ಆಫೀಸಿಗೆ ಸೇರಿದ ಮೇಲೂ ಪ್ರತಿ ಕಾರ್ತಿಕದಲ್ಲಿ ಹತ್ತಿ ತಂದು, ವಿಭೂತಿ ಹಚ್ಚಿಕೊಂಡು, ಹಿತ್ತಿಲ ಬಾಗಿಲಲ್ಲಿ ಕೂರುತ್ತಿದ್ದೆ. ಕೈ ತಿರುಗಿದರೆ ಬಂದೀತು ಎಂಬ ಆಸೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬತ್ತಿ ಚೆನ್ನಾಗಿಯೇ ಬರುತ್ತಿತ್ತು. ಸಾಲು ಬರಲಿಲ್ಲ.

ಹಂದಿಜ್ವರದ ವರ್ಷ ನನಗೂ ಜ್ವರ ಬಂತು. ಊರೆಲ್ಲ ಹಸಿರು ಮಾಸ್ಕು ಕಟ್ಟಿಕೊಂಡು ಓಡಾಡುತ್ತಿತ್ತು. ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಆದರೂ ವಾರ ಒಬ್ಬಳೇ ಇರು ಎಂದರು. ಅದೇ ನಡುಕೋಣೆ, ಅದೇ ಮಂಚ. ಅಡುಗೆಮನೆಯಲ್ಲಿ ಅಮ್ಮ ಗಂಜಿ ಕಾಸುತ್ತಿದ್ದಳು. ಸಂಜೆ ಅಪ್ಪ ಬಾಗಿಲಿಗೆ ಬಂದು ನಿಂತರು. ನಿವೃತ್ತರಾಗಿ ಎರಡು ವರ್ಷವಾಗಿತ್ತು, ಕೆಂಪು ಪೆನ್ನು ಮಾತ್ರ ಜೇಬಿನಲ್ಲೇ ಇತ್ತು. ಕೈಯಲ್ಲಿ ಆ ಹಳೆಯ ಸಂಚಿಕೆ.

‘ಸುಮಾ, ಸಂಘದವರು ಈ ಸಲ ಇದನ್ನ ಮತ್ತೆ ಹಾಕ್ತಾರಂತೆ. ಈಗ ಬಹಳ ಸಮಯೋಚಿತ ಅಲ್ವಾ?’

ಹದಿನೈದು ವರ್ಷದ ಸಿಟ್ಟು ಒಂದೇ ಸಲ ನೆತ್ತಿಗೇರಿತು. ಕೆಮ್ಮುತ್ತಲೇ ಕೂಗಾಡಿದೆ. ಅದು ಅಜ್ಜಿಯ ಹಾಡಲ್ಲ, ನೀವು ಗೀಚಿ ಕೊಂದದ್ದು, ಸಿದ್ದಪ್ಪನನ್ನು ಜ್ವರ ಒಂದು ಸಲ ಕೊಂದರೆ ನೀವು ಇನ್ನೊಂದು ಸಲ ಕೊಂದಿರಿ ಅಂದೆ. ನನ್ನ ಹತ್ತಿರ ಹನ್ನೆರಡನೆಯದರ ನಿಜವಾದ ಸಾಲು ಎರಡಾದರೂ ಇದೆ ಎಂದು ಆ ಎರಡನ್ನು ಅವರ ಮುಖದ ಮೇಲೆ ಎಸೆಯುವ ಹಾಗೆ ಹೇಳಿದೆ. ಹೇಳಿದ್ದೇ ತಡ, ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ, ನಾನು ಎಂದೂ ಅವರ ಬಾಯಲ್ಲಿ ಕೇಳದಿದ್ದ ಬೇಗೂರಿನ ರಾಗದಲ್ಲಿ, ಮೆಲ್ಲಗೆ ಹೇಳಿದರು.

ನೀರು ನೀರೆಂದಾಳೋ ನನ ತಂಗಿ ನಂಜವ್ವ
ಗಿಂಡಿ ಬೆನ್ನಿಂದೆ ಮುಚ್ಚಿಟ್ಟೆ, ಹೊತ್ತಿಳಿದು
ಕೊಟ್ಟಾಗ ತುಟಿಯೇ ತೆರಿಲಿಲ್ಲ

‘ಚೊಂಬಲ್ಲ, ಗಿಂಡಿ’ ಅಂದರು.

‘ನಿಮಗೆ ಗೊತ್ತಿತ್ತಾ?’

‘ನಂಗೆ ಎಂಟು ವರ್ಷ ಇದ್ದಾಗ ವಿಷಮಶೀತ ಜ್ವರ ಬಂದಿತ್ತು. ಅಮ್ಮ ಪಕ್ಕದಲ್ಲಿ ಕೂತು ಬತ್ತಿ ಹೊಸೀತಾ ಹೇಳಿದ್ಲು. ಒಂದೇ ಸಲ.’

‘ಮತ್ತೆ ಆ ಜಗದಂಬೆ? ಆ ಕಣ್ಣೀರು ಒರೆಸೋದು?’

‘ಇನ್ನೇನು ಮಾಡ್ಲಿ? ನಮ್ಮಮ್ಮ ತಂಗೀಗೆ ನೀರು ಕೊಡ್ಲಿಲ್ಲ ಅಂತ ಸ್ಮರಣ ಸಂಚಿಕೇಲಿ ಹಾಕ್ಲಾ? ಬೀದಿಯೋರೆಲ್ಲ ಓದೋಕೆ? ಒಂಬತ್ತು ವರ್ಷದ ಮಗು ಕಣೇ ಅದು.’

‘ನನಗಾದರೂ ಹೇಳಬಹುದಿತ್ತಲ್ಲಪ್ಪ! ಹದಿನೈದು ವರ್ಷ ತಲೆ ಚಚ್ಚಿಕೊಂಡಿದ್ದೀನಿ!’

‘ನನ್ನ ನೀನು ಯಾವತ್ತು ಕೇಳಿದ್ದೆ?’ ಅಂದರು. ‘ಬೈದೆ. ಕೇಳ್ಲಿಲ್ಲ.’

ಒಂದೇ ಮನೆಯಲ್ಲಿ, ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು, ಒಂದೇ ನುಡಿಯನ್ನು ಇಟ್ಟುಕೊಂಡು ಕೂತಿದ್ದೆವು. ಪೆನ್ನು ಕೊಡಿ ಅಂದೆ. ಅಪ್ಪ ಕೊಟ್ಟರು. ಔಷಧಿ ಚೀಟಿಯ ಹಿಂದೆ ಕೆಂಪು ಅಕ್ಷರದಲ್ಲಿ ಮೂರೂ ಸಾಲು ಬರೆದೆ. ಚೊಂಬನ್ನು ಹೊಡೆದು ಗಿಂಡಿ ಎಂದು ತಿದ್ದಿದೆ. ಅಪ್ಪನ ತಿದ್ದುಪಡಿಯನ್ನು ಮರುಮಾತಿಲ್ಲದೆ ಒಪ್ಪಿಕೊಂಡದ್ದು ನನ್ನ ಬದುಕಿನಲ್ಲಿ ಅದೊಂದೇ. ತಲೆ ಎತ್ತಿ ನೋಡಿದರೆ ಅಪ್ಪ ಬಾಗಿಲಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಏನು ಬೇಕ್ರೀ ಎಂದು ಅಮ್ಮ ಕೇಳಿದಳು. ಅಪ್ಪ ಒಂದು ಚೊಂಬು ನೀರು ತುಂಬಿಸಿಕೊಂಡು ಬಂದು, ಹತ್ತಿರ ಬರಬೇಡಿ ಅಂದರೂ ಕೇಳದೆ, ನನ್ನ ತಲೆಯ ಪಕ್ಕ ಇಟ್ಟರು.

ನನ್ನ ಸಿಟ್ಟು ಇಳಿದಿರಲಿಲ್ಲ. ಎದ್ದು ಕೂತು ಚೊಂಬು ಎತ್ತಿ ಪೂರ್ತಿ ಕುಡಿದೆ. ಅಪ್ಪ ನಿಂತೇ ನೋಡಿದರು.